ರಾತ್ರಿ ಬಿಸಿಲು ಎಲ್ಲೈತಿ ಸಾರ್?

ಹತ್ತನೇ ತರಗತಿಯಲ್ಲಿ ವಿದ್ಯುಚ್ಛಕ್ತಿಯ ಪಾಠ ನಡೆದಿತ್ತು. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್. ಈ ಲೆಕ್ಕವನ್ನು ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಎಂದು ಇಪ್ಪತ್ತೈದು ವರ್ಷ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಹಾಗಾಗಿ ಆ ದಿನ ಕಿಟಕಿಯಾಚೆ ಬೇವಿನ ಮರದಡಿ ನಿಂತಿದ್ದ ನನ್ನ ವಿದ್ಯುತ್ ಕಾರನ್ನೇ ತೋರಿಸಿದೆ. ‘ನಾನು ದಿನಾ ದಾವಣಗೆರೆಯಿಂದ ಹರಿಹರಕ್ಕೆ ಬಂದು ಹೋಗುವುದು ನಮ್ಮ ಮನೆ ತಾರಸಿಯ ಬಿಸಿಲಿನಲ್ಲಿ. ಪೆಟ್ರೋಲ್ ಬಂಕಿನ ಮುಖ ನೋಡಿ ವರ್ಷವಾಯಿತು’ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆನೆನ್ನಿ.

ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಚಾರ್ಜಿಗೆ ಯಾವಾಗ ಹಾಕ್ತೀರಿ ಸಾರ್?’

‘ರಾತ್ರಿ, ಊಟ ಆದಮೇಲೆ.’

‘ರಾತ್ರಿ ಬಿಸಿಲು ಎಲ್ಲೈತಿ ಸಾರ್?’

ತರಗತಿ ಗೊಳ್ಳೆಂದಿತು. ಅಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ‘ನಾಳೆ ಹೇಳ್ತೀನಿ’ ಎಂದು ಚಾಕ್‌ಪೀಸು ಮೇಜಿನ ಮೇಲಿಟ್ಟು ಹೊರಬಂದೆ. ಹಗಲು ಹೊತ್ತು ಕಾರು ಹರಿಹರದಲ್ಲಿ, ತಾರಸಿ ದಾವಣಗೆರೆಯಲ್ಲಿ. ಕಾರು ಮನೆಗೆ ಬರುವ ಹೊತ್ತಿಗೆ ಸೂರ್ಯ ತನ್ನ ಮನೆಗೆ ಹೋಗಿರುತ್ತಾನೆ. ಹಾಗಾದರೆ ನನ್ನ ಕಾರು ಓಡುತ್ತಿರುವುದು ನಿಜಕ್ಕೂ ಯಾವುದರಿಂದ?

ಎರಡು ಫಲಕ, ಒಂದು ಪ್ರಯಾಣ

ಮೊದಲು ಲೆಕ್ಕ ಮುಗಿಸೋಣ, ಅದು ಸುಲಭ. ನನ್ನದು ಸಣ್ಣ ಕಾರು. ಅದರ ಬ್ಯಾಟರಿ ಪೂರ್ತಿ ತುಂಬಿದರೆ 24 ಯೂನಿಟ್ ಹಿಡಿಯುತ್ತದೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವಾಗ ಆಗುವ ನಷ್ಟವನ್ನೂ ಸೇರಿಸಿಕೊಂಡರೆ ಒಂದು ಕಿಲೋಮೀಟರಿಗೆ ಸುಮಾರು 130 ವ್ಯಾಟ್-ಅವರ್ ಬೇಕು. ನಮ್ಮ ಮನೆಯಿಂದ ಶಾಲೆಗೆ ಹೋಗಿಬರುವುದು, ದಾರಿಯಲ್ಲಿ ಸಂತೆ ಸಾಮಾನಿಗೆ ತಿರುಗುವುದು ಎಲ್ಲ ಸೇರಿ 30 ಕಿಲೋಮೀಟರು. ಅಂದರೆ ದಿನಕ್ಕೆ 4 ಯೂನಿಟ್.

ಈಗ ತಾರಸಿಗೆ ಬನ್ನಿ. ನಮ್ಮ ಸೀಮೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಸೌರಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಕೊಡುವುದು ಎಷ್ಟು ಗೊತ್ತೆ? ಅದೇ 4 ಯೂನಿಟ್! ಈಗ ಬರುವ ಫಲಕಗಳು ಒಂದೊಂದೂ 540, 550 ವ್ಯಾಟಿನವು. ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಅಂಥ ಎರಡು ಫಲಕ ಇಟ್ಟರೆ ಒಂದು ಕಿಲೋವ್ಯಾಟ್ ದಾಟುತ್ತದೆ. ಜೋಡಿ ಮಂಚದ ಮೇಲೆ ಬೀಳುವಷ್ಟು ಬಿಸಿಲಿನಲ್ಲಿ ದಿನಾ ಒಂದು ಸಲ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬರಬಹುದು. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ನಂಬಿಕೆ ಬರದೆ ಮತ್ತೊಮ್ಮೆ ಗುಣಿಸಿ ನೋಡಿದ್ದೆ.

‘ಹಾಗಿದ್ದರೆ ಫಲಕವನ್ನು ಕಾರಿನ ನೆತ್ತಿಗೇ ಕೂರಿಸಿದರಾಯಿತಲ್ಲ?’ ಎಂದು ಕೇಳುವವರಿದ್ದಾರೆ. ಸಣ್ಣ ಕಾರಿನ ನೆತ್ತಿಯಲ್ಲಿ ಸಿಗುವ ಜಾಗ ಎರಡು ಚದರ ಮೀಟರಿನಷ್ಟು. ಅಲ್ಲಿ 400 ವ್ಯಾಟ್ ಕೂರಿಸಬಹುದು. ಅದೂ ಮಟ್ಟಸವಾಗಿ ಮಲಗಿರುತ್ತದೆ, ನೆರಳಿನಲ್ಲಿ ನಿಂತರೆ ಅದೂ ಇಲ್ಲ. ದಿನಪೂರ್ತಿ ಬಿಸಿಲಿನಲ್ಲಿ ಕಾಯಿಸಿದರೂ ಹತ್ತು ಕಿಲೋಮೀಟರಿಗಾಗುವಷ್ಟು ಬಂದೀತು. ಹರಿಹರ ಮುಟ್ಟುವ ಮೊದಲೇ ಇಳಿದು ನೂಕಬೇಕು.

ಬರೀ ಬಿಸಿಲಿನಲ್ಲಿ ಓಡುವ ಕಾರುಗಳು ಇಲ್ಲವೆಂದಲ್ಲ. ಅವು ಪಂದ್ಯದ ಕಾರುಗಳು. ತೊಗಟೆಯಂತೆ ತೆಳ್ಳಗಿನ ಮೈ, ಒಳಗೆ ಮಲಗಿದಂತೆ ಕೂತ ಒಬ್ಬನೇ ಚಾಲಕ. ಆಸ್ಟ್ರೇಲಿಯದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಮೂರು ಸಾವಿರ ಕಿಲೋಮೀಟರು ಓಡುವ ಇಂಥ ಪಂದ್ಯದಲ್ಲಿ 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ‘ಸನ್‌ರನ್ನರ್’ ಮೂರನೇ ಸ್ಥಾನ ಪಡೆಯಿತು. ಆ ವಿದ್ಯಾರ್ಥಿಗಳ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ. ಹೆಸರು ಚೇತನ್ ಮೈನಿ. ಊರಿಗೆ ಮರಳಿದ ಮೇಲೆ ಆತ ಬಿಸಿಲಿನ ಕಾರನ್ನು ಬಿಟ್ಟು ಪ್ಲಗ್ಗಿನ ಕಾರಿಗೆ ಕೈಹಾಕಿದ್ದು ಸುಮ್ಮನಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ‘ರೇವಾ’ ಹುಟ್ಟಿದ್ದು ಹೀಗೆ. ಎಂಟು ಸೀಸ-ಆಮ್ಲದ ಬ್ಯಾಟರಿ, ಒಂದು ಸಲ ತುಂಬಿಸಿದರೆ 80 ಕಿಲೋಮೀಟರು, ತುಂಬಲು ಎಂಟು ಗಂಟೆ. ಲಂಡನ್ನಿನಲ್ಲಿ ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. 2013ರಲ್ಲಿ ಬಂದ ಅದರ ಮುಂದಿನ ಕಾರು ‘ಇ2ಒ’ ಜತೆಗೆ, ಮನೆಯ ಸೌರಫಲಕದಿಂದ ಚಾರ್ಜ್ ಮಾಡಿಕೊಳ್ಳುವ ಏರ್ಪಾಡನ್ನೂ ಮುಂದಿಟ್ಟಿದ್ದರು. ಆಗ ಕೊಂಡವರು ಕಡಿಮೆ. ಕಾರೂ ನಿಂತುಹೋಯಿತು. ಆದರೆ ಬಿಸಿಲು ಹಿಡಿಯುವ ಜಾಗ ಬೇರೆ, ಗಾಲಿ ತಿರುಗುವ ಜಾಗ ಬೇರೆ ಎಂಬುದನ್ನು ನಮ್ಮ ನಾಡಿನಲ್ಲಿ ಮೊದಲು ಮನಗಂಡವರು ಅವರೇ ಇರಬೇಕು.

ಪಕ್ಕದ ಮನೆಯ ಸಕ್ಕರೆ

ಹುಡುಗನ ಪ್ರಶ್ನೆಗೆ ಬರೋಣ. ನಮ್ಮ ತಾರಸಿಯ ಮೇಲಿರುವುದು 3 ಕಿಲೋವ್ಯಾಟಿನ ಏರ್ಪಾಡು. ಬ್ಯಾಟರಿ ಇಲ್ಲ. ಫಲಕದಿಂದ ಬಂದ ನೇರ ವಿದ್ಯುತ್ತನ್ನು ಇನ್ವರ್ಟರ್ ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಓಡುತ್ತಿರುವುದು ಒಂದು ಫ್ರಿಜ್ಜು, ಒಂದು ಫ್ಯಾನು. ಉಳಿದದ್ದೆಲ್ಲ ಬೀದಿಯ ತಂತಿಗೆ ಹೋಗುತ್ತದೆ. ಬಾಗಿಲ ಬಳಿಯ ದ್ವಿಮುಖ ಮೀಟರು ಹೋದದ್ದನ್ನೂ ಬಂದದ್ದನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ. ಒಂದೇ ಮೈಯಲ್ಲಿ ಹರಿಯೂ ಹರನೂ ಇರುವ ಊರಿಗೆ ದಿನಾ ಹೋಗಿಬರುವ ನನಗೆ ಈ ಮೀಟರು ವಿಚಿತ್ರವೆನಿಸಲಿಲ್ಲ.

ಇದನ್ನು ಎಲ್ಲರೂ ಬ್ಯಾಂಕಿಗೆ ಹೋಲಿಸುತ್ತಾರೆ. ಹಗಲು ಜಮಾ, ರಾತ್ರಿ ಖರ್ಚು. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ವಿದ್ಯುತ್ತು ದುಡ್ಡಿನ ಹಾಗೆ ತಿಜೋರಿಯಲ್ಲಿ ಕೂರುವ ವಸ್ತುವಲ್ಲ. ಹುಟ್ಟಿದ ಗಳಿಗೆಯಲ್ಲೇ ಅದು ಎಲ್ಲಾದರೂ ಖರ್ಚಾಗಲೇಬೇಕು. ಮಧ್ಯಾಹ್ನ ನಮ್ಮ ತಾರಸಿಯಿಂದ ಹೋದ ವಿದ್ಯುತ್ತು ಎರಡು ಮನೆಯಾಚೆಯ ಮಿಕ್ಸಿಯಲ್ಲೋ, ಗಿರಣಿಯ ಮೋಟಾರಿನಲ್ಲೋ ಆಗಲೇ ತೀರಿಹೋಗಿರುತ್ತದೆ. ಇದು ಬ್ಯಾಂಕಲ್ಲ, ಪಕ್ಕದ ಮನೆಗೆ ಬಟ್ಟಲು ಸಕ್ಕರೆ ಕೈಗಡ ಕೊಟ್ಟ ಹಾಗೆ. ರಾತ್ರಿ ಅವರು ಬಟ್ಟಲು ತುಂಬ ವಾಪಸು ಕೊಡುತ್ತಾರೆ, ನಿಜ. ಆದರೆ ಅದು ನಾವು ಕೊಟ್ಟ ಸಕ್ಕರೆಯಲ್ಲ. ಬೇರೆ ಅಂಗಡಿಯಿಂದ ತಂದದ್ದು.

ಯಾವ ಅಂಗಡಿ? ರಾತ್ರಿ ಹತ್ತಕ್ಕೆ ನಾನು ಪ್ಲಗ್ಗು ಹಾಕಿದಾಗ ರಾಜ್ಯದ ತಂತಿಗಳಲ್ಲಿ ಹರಿಯುತ್ತಿರುವುದು ಶರಾವತಿಯ ನೀರು, ಕೈಗಾದ ಅಣು, ರಾಯಚೂರು, ಬಳ್ಳಾರಿ, ಯರಮರಸಿನ ಕಲ್ಲಿದ್ದಲು, ಮತ್ತು ಗಾಳಿ ಬೀಸುವ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳ ಕೊಡುಗೆ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚಿತ್ರದುರ್ಗದ ಗುಡ್ಡಸಾಲಿನ ಮೇಲೆ ಕೈಬೀಸುವ ಆ ಯಂತ್ರಗಳನ್ನು ನೀವೂ ನೋಡಿರುತ್ತೀರಿ. ಮಳೆಗಾಲದಲ್ಲಿ ಬಿಸಿಲು ಕಡಿಮೆಯಾದಾಗ ಗಾಳಿ ಜೋರಾಗುವುದು ನಮ್ಮ ಅದೃಷ್ಟ. ಆದರೂ ರಾತ್ರಿಯ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು.

ಈಗ ನನಗೆ ಕಸಿವಿಸಿ ಮಾಡಿದ ಲೆಕ್ಕ ಕೇಳಿ. ಇಷ್ಟೇ ಗಾತ್ರದ ಪೆಟ್ರೋಲ್ ಕಾರು ಲೀಟರಿಗೆ 17 ಕಿಲೋಮೀಟರು ಕೊಟ್ಟರೆ, 30 ಕಿಲೋಮೀಟರಿಗೆ ಒಂದೂಮುಕ್ಕಾಲು ಲೀಟರು ಬೇಕು. ಒಂದು ಲೀಟರು ಪೆಟ್ರೋಲು ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡು. ಒಟ್ಟು ಸುಮಾರು 4 ಕಿಲೋ. ನನ್ನ ಕಾರಿಗೆ ಬೇಕಾದ 4 ಯೂನಿಟ್ ಪೂರ್ತಿ ಕಲ್ಲಿದ್ದಲಿನಿಂದಲೇ ಬಂತೆನ್ನಿ. ಎರಡೂವರೆ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಅದರಿಂದಲೂ ಹೆಚ್ಚುಕಡಿಮೆ 4 ಕಿಲೋ! ಹೊಗೆ ನನ್ನ ಕಾರಿನ ಹಿಂದೆ ಬರುವುದಿಲ್ಲ, ಶಕ್ತಿನಗರದ ಚಿಮಣಿಯಲ್ಲಿ ಬರುತ್ತದೆ, ಅಷ್ಟೆ ವ್ಯತ್ಯಾಸ. ದೇಶದ ಎಲ್ಲ ಮೂಲಗಳ ಸರಾಸರಿ ತೆಗೆದರೆ ಯೂನಿಟ್ಟಿಗೆ ಸುಮಾರು 0.7 ಕಿಲೋ. ಆಗ ನನ್ನ ಲೆಕ್ಕ 3 ಕಿಲೋಗೆ ಇಳಿಯುತ್ತದೆ. ಅದೇ 4 ಯೂನಿಟ್ ಹಗಲು ಹೊತ್ತು ಫಲಕದಿಂದ ನೇರ ಬಂದರೆ, ಫಲಕ ತಯಾರಿಸುವಾಗ ಆದ ಹೊಗೆಯ ಪಾಲನ್ನು ಬಿಟ್ಟರೆ ಬೇರೇನೂ ಇಲ್ಲ.

ನಾನು ಹಗಲು ಕೊಟ್ಟ ವಿದ್ಯುತ್ತು ಬೇರೆಲ್ಲೋ ಅಷ್ಟು ಕಲ್ಲಿದ್ದಲನ್ನು ಉಳಿಸಿತಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದೇ? ಹಿಡಿಯಬಹುದು. ಆದ್ದರಿಂದಲೇ ನಾನು ಸುಳ್ಳು ಹೇಳಿದೆ ಎಂದು ಒಪ್ಪುವುದಿಲ್ಲ, ಅರ್ಧಸತ್ಯ ಹೇಳಿದೆ ಎಂದು ಮಾತ್ರ ಒಪ್ಪುತ್ತೇನೆ. ಒಂದು ಊರಿನಲ್ಲಿ ಹತ್ತು ತಾರಸಿಗಳಿದ್ದಾಗ ಈ ಕೈಗಡ ಸಲೀಸು. ಸಾವಿರಾರು ತಾರಸಿಗಳಾದರೆ, ಜತೆಗೆ ಪಾವಗಡದಲ್ಲಿ 13 ಸಾವಿರ ಎಕರೆ ತುಂಬ 2050 ಮೆಗಾವ್ಯಾಟಿನ ಸೌರಫಲಕಗಳು ಮಲಗಿದ್ದರೆ, ಮಧ್ಯಾಹ್ನ ಎಲ್ಲರ ಮನೆಯಲ್ಲೂ ಸಕ್ಕರೆ ತುಂಬಿ ತುಳುಕುತ್ತದೆ. ಸಂಜೆ ಏಳಕ್ಕೆ ಎಲ್ಲರೂ ಒಟ್ಟಿಗೆ ಬಟ್ಟಲು ಹಿಡಿದು ಬರುತ್ತಾರೆ. ಕ್ಯಾಲಿಫೋರ್ನಿಯದ ವಿದ್ಯುತ್ ಜಾಲದವರು 2013ರಲ್ಲೇ ಈ ಬೇಡಿಕೆಯ ಗ್ರಾಫು ಬರೆದು ಅದನ್ನು ‘ಬಾತುಕೋಳಿ ರೇಖೆ’ ಎಂದು ಕರೆದರು. ಮಧ್ಯಾಹ್ನ ಹೊಟ್ಟೆ ತಗ್ಗು, ಸಂಜೆ ಕತ್ತು ಎತ್ತರ. ಕಾರುಗಳೆಲ್ಲ ಸಂಜೆ ಮನೆಗೆ ಬಂದು ಪ್ಲಗ್ಗಿಗೆ ಸಿಕ್ಕಿಕೊಂಡರೆ ಆ ಕತ್ತು ಇನ್ನೂ ಉದ್ದವಾಗುತ್ತದೆ.

ಮಂಡಕ್ಕಿ ಭಟ್ಟಿಯ ಮಸಿ

ಫಲಕ ಹಾಕಿಸಿದ ಮೊದಲ ಬೇಸಿಗೆಯಲ್ಲಿ ಒಂದು ಪಾಠವಾಯಿತು. ಸಂಜೆಯ ಗಾಳಿಮಳೆಗೆ ಎಲ್ಲೋ ಕಂಬ ಬಿದ್ದು ಮರುದಿನ ಮಧ್ಯಾಹ್ನದವರೆಗೂ ಕರೆಂಟಿಲ್ಲ. ಆಕಾಶ ತೊಳೆದಿಟ್ಟ ಹಾಗೆ, ಬಿಸಿಲು ಚುರುಕು. ‘ಏನ್ರೀ, ಮೇಲೆ ಅಷ್ಟು ಪ್ಯಾನೆಲ್ ಹಾಕ್ಸಿದೀರಲ್ಲ, ಮಿಕ್ಸಿ ಯಾಕೆ ತಿರುಗ್ತಿಲ್ಲ?’ ಎಂದು ಮನೆಯವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬೀದಿಯ ತಂತಿಯಲ್ಲಿ ವಿದ್ಯುತ್ ಇಲ್ಲದಾಗ ಇಂಥ ಇನ್ವರ್ಟರು ತಾನಾಗಿ ನಿಂತುಬಿಡುತ್ತದೆ. ಇಲ್ಲದಿದ್ದರೆ, ಕರೆಂಟು ತೆಗೆದಿದ್ದೇವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟು ಹೊಡೆದೀತು. ಕರೆಂಟು ಹೋದಾಗಲೂ ಬೇಕೆಂದರೆ ಬ್ಯಾಟರಿ ಸಹಿತದ ಬೇರೆ ಬಗೆಯ ಇನ್ವರ್ಟರು ಹಾಕಿಸಬೇಕು, ಖರ್ಚು ಬಹಳ ಏರುತ್ತದೆ. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ಮನೆಗೆ ನಾಲ್ಕು ದಿನಕ್ಕಾಗುವಷ್ಟು ವಿದ್ಯುತ್ತಿತ್ತು! ಜಪಾನಿನಲ್ಲಿ 2011ರ ಭೂಕಂಪದ ನಂತರ ಕಾರಿನ ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡುವ ಸಾಧನಗಳು ಮಾರಾಟಕ್ಕೇ ಬಂದವು. ನನ್ನ ಕಾರಿಗೆ ಆ ವಿದ್ಯೆ ಗೊತ್ತಿಲ್ಲ.

ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು ಎಂದುಕೊಂಡವರಿಗೆ ಇನ್ನೊಂದು ಮಾತು. ಫಲಕಕ್ಕೆ ಬೇಕಾದ್ದು ಬೆಳಕು, ಬಿಸಿಯಲ್ಲ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇಕಡಾ 0.35ರಿಂದ 0.4ರಷ್ಟು ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ದಾಟಿರುತ್ತದೆ. ಅಂದರೆ ಏಳರಲ್ಲೊಂದು ಪಾಲು ಸೋರಿಹೋಯಿತು. ತಾರಸಿಗೆ ತೀರ ಅಂಟಿಸದೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸುವುದು ಇದಕ್ಕೇ. ನಮ್ಮ ಊರಿನ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿ. ದಕ್ಷಿಣಕ್ಕೆ ಮುಖಮಾಡಿ ಸುಮಾರು ಅಷ್ಟೇ ಓರೆ ಇಟ್ಟರೆ ವರ್ಷದ ಲೆಕ್ಕದಲ್ಲಿ ಒಳ್ಳೆಯದು.

ಇನ್ನು ಧೂಳು. ಅಕ್ಕಿ ಗಿರಣಿಯ ಹೊಟ್ಟು, ರಸ್ತೆಯ ಮಣ್ಣು, ಮಂಡಕ್ಕಿ ಭಟ್ಟಿಗಳ ಕಡೆಯಾದರೆ ಮಸಿ. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದವರು ಈ ಸುಂಕ ಕೊಡಲೇಬೇಕು. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ನೀರು ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಒರೆಸುತ್ತೇನೆ. ಒರೆಸಿದ ದಿನ ಮೀಟರಿನ ಅಂಕಿ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಪಾರಿವಾಳಗಳ ವಿಷಯ ಬರೆಯುವುದಿಲ್ಲ, ಸಿಟ್ಟು ಬರುತ್ತದೆ. ನೆರಳೂ ಅಷ್ಟೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ, ಕೊಳವೆಯ ಒಂದು ಕಡೆ ಹಿಸುಕಿದ ಹಾಗೆ.

ಶೂನ್ಯ ಬಿಲ್ಲಿನ ಮನೆ

ದುಡ್ಡಿನ ಮಾತು ಬರಲೇಬೇಕು. ಸಹೋದ್ಯೋಗಿಗಳು ಮೊದಲು ಕೇಳುವುದೂ ಅದನ್ನೇ: ‘ಗೃಹಜ್ಯೋತಿಯಲ್ಲಿ ಕರೆಂಟು ಬಿಟ್ಟಿ ಬರುವಾಗ ಸೋಲಾರ್ ಯಾಕ್ರೀ?’

2023ರ ಆಗಸ್ಟಿನಿಂದ ನಮ್ಮ ಮನೆಗೂ ಶೂನ್ಯ ಬಿಲ್ಲು ಬರುತ್ತಿತ್ತು. 2022–23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ ಹತ್ತು, ಒಟ್ಟು 200 ಯೂನಿಟ್ ಮೀರಬಾರದು. ನಮ್ಮ ಸರಾಸರಿ 110. ಕಾರು ಬಂದ ಮೇಲೆ ಅದರದೇ 110, 120 ಯೂನಿಟ್ ಸೇರಿತು. 200 ದಾಟಿದರೆ ನಿಯಮದ ಪ್ರಕಾರ ಬಿಟ್ಟಿಯ ಭಾಗವೂ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್ಟಿಗೆ ಸುಮಾರು 6 ರೂಪಾಯಿ, ಮೇಲೆ ನಿಗದಿತ ಶುಲ್ಕ. ಕಾರಿನ ಚಾರ್ಜರು ಮೂರೂಕಾಲು ಕಿಲೋವ್ಯಾಟು ಎಳೆಯುವುದರಿಂದ ಮಂಜೂರಾದ ಲೋಡನ್ನೂ ಏರಿಸಿಕೊಳ್ಳಬೇಕಾಯಿತು. ಶೂನ್ಯ ಬಿಲ್ಲಿನ ಮನೆ ಸಾವಿರದೈನೂರರ ಮನೆಯಾಯಿತು.

ಹಾಗೆಂದು ಕಾರು ನಷ್ಟವಲ್ಲ. ತಿಂಗಳಿಗೆ 900 ಕಿಲೋಮೀಟರು ಪೆಟ್ರೋಲಿನಲ್ಲಿ ಓಡಿದ್ದರೆ ಐದು ಸಾವಿರದ ಮೇಲೆ ಆಗುತ್ತಿತ್ತು. ನಾನು ಇಲ್ಲಿ ನಿಷ್ಠುರವಾಗಿ ಹೇಳಬೇಕಾದ್ದೆಂದರೆ, ಉಳಿತಾಯದ ದೊಡ್ಡ ಪಾಲು ಬರುವುದು ಪೆಟ್ರೋಲ್ ಬಿಟ್ಟದ್ದರಿಂದ, ಸೌರಫಲಕದಿಂದಲ್ಲ. ಬರೀ ದುಡ್ಡಿಗಾಗಿ ಫಲಕ ಹಾಕಿಸುವವರು, ಅದರಲ್ಲೂ ಶೂನ್ಯ ಬಿಲ್ಲಿನವರು, ಎರಡು ಸಲ ಯೋಚಿಸಲಿ. 2024ರ ಫೆಬ್ರವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30 ಸಾವಿರ, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ ಒಟ್ಟು 78 ಸಾವಿರ ರೂಪಾಯಿ ಸಹಾಯಧನ. ನಾನು ಮೂರು ಹಾಕಿಸಿದೆ. ಈಗ ನೋಡಿದರೆ ಎರಡು ಸಾಕಿತ್ತು. ಹೆಚ್ಚಾದದ್ದನ್ನು ಬೀದಿಗೆ ಕೊಟ್ಟರೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ. ಸಕ್ಕರೆ ಕೊಟ್ಟು ಬೆಲ್ಲದ ಪುಡಿ ತಂದ ಹಾಗೆ.

ಕಾರು ಕೊಳ್ಳುವವರಿಗೆ ಒಂದು ಎಚ್ಚರಿಕೆ, ಇದು ಮೇಷ್ಟರ ಚಟ ಎಂದುಕೊಂಡರೂ ಸರಿಯೆ. ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಚಾರ್ಜರಿಗೆ 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು, ಪ್ರತ್ಯೇಕ ತಂತಿ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಖಂಡಿತ ಕೂಡದು.

ಬೆಂಚಿನ ಹುಡುಗನಿಂದಾಗಿ ನಾನು ಬದಲಿಸಿಕೊಂಡ ಅಭ್ಯಾಸ ಇಷ್ಟೆ. ವಾರಕ್ಕೆ ಕಾರಿಗೆ ಬೇಕಾದ್ದು ಆರು ದಿನಕ್ಕೆ 24 ಯೂನಿಟ್. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ಲಗ್ಗು ಹಾಕಿ, ಆಂಪಿಯರು ಕಡಿಮೆ ಇಟ್ಟು ನಿಧಾನವಾಗಿ ತುಂಬಿಸುತ್ತೇನೆ. 9 ಯೂನಿಟ್ ನೇರ ಬಿಸಿಲಿನದು ಸಿಗುತ್ತದೆ. ಶನಿವಾರ ಅರ್ಧ ದಿನದ ಶಾಲೆ, ಒಂದೂವರೆಗೆಲ್ಲ ಮನೆ. ಸಂಜೆಯೊಳಗೆ ಇನ್ನೊಂದು 5. ಅಲ್ಲಿಗೆ 14 ಆಯಿತು. ಉಳಿದ ಹತ್ತನ್ನು ವಾರದ ನಡುವೆ ಒಂದು ರಾತ್ರಿ ತೆಗೆದುಕೊಳ್ಳುತ್ತೇನೆ. ಅರ್ಧಕ್ಕಿಂತ ಹೆಚ್ಚು ಬಿಸಿಲು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಬೇಸಿಗೆ ರಜೆ, ದಸರಾ ರಜೆಯಲ್ಲಿ ಪೂರ್ತಿ ಬಿಸಿಲೇ. ಮೇಷ್ಟರ ಕೆಲಸಕ್ಕೂ ಸೂರ್ಯನಿಗೂ ಹೊಂದಾಣಿಕೆಯಿದೆ.

ನೆರಳಿಗೆ ನಿಂತ ಆಟೋಗಳು

ಆದರೆ ಇದೆಲ್ಲ ಸ್ವಂತ ತಾರಸಿ ಇರುವವನ ಕಥೆ. ನಮ್ಮ ಬಡಾವಣೆಯಲ್ಲಿ ವಿದ್ಯುತ್ ಆಟೋ ಓಡಿಸುವ ಯುವಕನೊಬ್ಬನಿದ್ದಾನೆ. ಬಾಡಿಗೆ ಕೋಣೆ, ತಾರಸಿ ಯಜಮಾನರದು. ರಾತ್ರಿ ಕಿಟಕಿಯಿಂದ ತಂತಿ ಇಳಿಬಿಟ್ಟು ಚಾರ್ಜ್ ಮಾಡುತ್ತಾನೆ, ಅದಕ್ಕೆ ತಿಂಗಳಿಗಿಷ್ಟು ಎಂದು ಯಜಮಾನರಿಗೆ ಬೇರೆ ಕೊಡುತ್ತಾನೆ. ಅವನ ಆಟೋದ ಬ್ಯಾಟರಿ ಏಳೆಂಟು ಯೂನಿಟ್ಟಿನದು. ಅಷ್ಟರಲ್ಲಿ ದಿನಕ್ಕೆ ನೂರು ಕಿಲೋಮೀಟರು ಓಡಿ, ಎಷ್ಟೋ ಜನರನ್ನು ಹತ್ತಿಸಿ ಇಳಿಸುತ್ತಾನೆ. ನಾನು ವಾರಕ್ಕೆ 24 ಯೂನಿಟ್ ಖರ್ಚು ಮಾಡಿ ಒಯ್ಯುವುದು ಒಬ್ಬ ಮೇಷ್ಟರನ್ನು, ಒಂದು ಊಟದ ಡಬ್ಬಿಯನ್ನು. ಊರಿನ ಬಿಸಿಲು ಮೊದಲು ಯಾರ ಬ್ಯಾಟರಿಗೆ ಹೋಗಬೇಕು?

ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೀದಿಗಳು ಭಣಭಣ ಎನ್ನುತ್ತವೆ. ಆಗ ಆಟೋಗಳೆಲ್ಲ ಮರದ ನೆರಳು ಹುಡುಕಿ ನಿಂತಿರುತ್ತವೆ, ಚಾಲಕರು ಹಿಂದಿನ ಸೀಟಿನಲ್ಲಿ ಕಾಲು ಚಾಚಿರುತ್ತಾರೆ. ಸೂರ್ಯ ಕೈತುಂಬ ಕೊಡುವ ಹೊತ್ತೂ ಗಾಡಿ ಸುಮ್ಮನೆ ನಿಲ್ಲುವ ಹೊತ್ತೂ ಒಂದೇ! ಆಟೋ ನಿಲ್ದಾಣಕ್ಕೆ ತಗಡಿನ ಚಾವಣಿಯ ಬದಲು ಫಲಕಗಳ ಚಾವಣಿ ಹಾಕಿದರೆ ನೆರಳೂ ಆಯಿತು, ಕರೆಂಟೂ ಆಯಿತು. ಹತ್ತು ಕಿಲೋವ್ಯಾಟಿಗೆ ಹದಿನೆಂಟು ಫಲಕ, ಸುಮಾರು 500 ಚದರಡಿ. ದಿನಕ್ಕೆ 40 ಯೂನಿಟ್, ಐದು ಆಟೋಗಳಿಗೆ ಹೊಟ್ಟೆ ತುಂಬ.

ಇದು ಬರೀ ಕನಸಿನ ಮಾತಲ್ಲ. ಗುಜರಾತಿನ ಮೊಢೇರಾದಲ್ಲಿ, ಅಲ್ಲಿನ ಪ್ರಾಚೀನ ಸೂರ್ಯ ದೇವಾಲಯದ ವಾಹನ ನಿಲುಗಡೆಯ ಜಾಗದಲ್ಲೇ ಸೌರಶಕ್ತಿಯ ಚಾರ್ಜಿಂಗ್ ಕೇಂದ್ರವಿದೆ. 2022ರ ಅಕ್ಟೋಬರಿನಲ್ಲಿ ಆ ಊರನ್ನು ದೇಶದ ಮೊದಲ ಸೌರಗ್ರಾಮವೆಂದು ಘೋಷಿಸಿದರು. ಮನೆಗಳ ಮೇಲೆ ಒಂದೊಂದು ಕಿಲೋವ್ಯಾಟು, ಊರಾಚೆ 6 ಮೆಗಾವ್ಯಾಟಿನ ಸ್ಥಾವರ, ರಾತ್ರಿಗೆಂದು ದೊಡ್ಡ ಬ್ಯಾಟರಿಗಳು. ಅದೇ ರಾಜ್ಯದ ಧುಂಡಿಯಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡು, ಪಂಪಿಗೆ ಬಳಸಿ ಮಿಕ್ಕ ಸೌರ ವಿದ್ಯುತ್ತನ್ನು 2016ರಿಂದ ಮಾರತೊಡಗಿದರು. ದೆಹಲಿಯಲ್ಲಿ 2019ರಲ್ಲಿ ಬಂದ ನಿಯಮದಂತೆ ಒಂದು ಕಡೆ ಹುಟ್ಟಿದ ಸೌರ ವಿದ್ಯುತ್ತನ್ನು ಹಲವು ಗ್ರಾಹಕರ ಬಿಲ್ಲುಗಳಿಗೆ ಹಂಚಿ ಕಳೆಯಬಹುದು. ತಾರಸಿ ಇಲ್ಲದವನೂ ಪಾಲುದಾರನಾಗಬಹುದು.

ಕಾನೂನೂ ಮೊದಲಿನಷ್ಟು ಬಿಗಿಯಿಲ್ಲ. ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಅದೇ ವರ್ಷ ಫೆಬ್ರವರಿಯಲ್ಲಿ ಬೆಸ್ಕಾಂ ಬೆಂಗಳೂರಿನ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಮೊದಲ ಚಾರ್ಜಿಂಗ್ ಕೇಂದ್ರ ತೆರೆಯಿತು. 2024ರ ಕೇಂದ್ರ ನಿಯಮಗಳ ಪ್ರಕಾರ ಗ್ರಾಹಕರು ವಾಹನದ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಬಹುದು. ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಗಳಿಗೂ ಕಿಲೋವ್ಯಾಟಿಗೆ 18 ಸಾವಿರ ರೂಪಾಯಿ ಸಹಾಯವಿದೆ, ಅದರಲ್ಲಿ ವಾಹನ ಚಾರ್ಜಿಂಗೂ ಸೇರಿದೆ. ಈಚೆಗೆ ದಾವಣಗೆರೆಯಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳವರು ಇದನ್ನು ಗಮನಿಸಬಹುದು. ಸಹಕಾರಿ ಬ್ಯಾಂಕುಗಳಿಗಂತೂ ನಮ್ಮ ಊರಿನಲ್ಲಿ ಬರವಿಲ್ಲ. ಆಟೋ ಕೊಳ್ಳಲು ಸಾಲ ಕೊಡುವವರು ಆಟೋ ನಿಲ್ದಾಣದ ಚಾವಣಿಗೂ ಕೊಟ್ಟರೆ ಏನು ಅಡ್ಡಿ?

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸುಲಭದ ಜಾಗ ಹಗಲು ಹೊತ್ತು ಗಾಡಿಗಳು ನಿಂತಿರುವ ಜಾಗ. ಕಾಲೇಜುಗಳು, ಕಚೇರಿಗಳು, ಮಂಡಿಯ ಅಂಗಳ, ಕಾರ್ಖಾನೆ, ಶಾಲೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ, ಅಂದರೆ ಸೂರ್ಯನ ಡ್ಯೂಟಿ ಮುಗಿಯುವವರೆಗೆ ನನ್ನ ಕಾರೂ ಐವತ್ತಕ್ಕೂ ಹೆಚ್ಚು ಮೇಷ್ಟರು, ಮೇಡಂಗಳ ಸ್ಕೂಟರುಗಳೂ ಶಾಲೆಯ ಅಂಗಳದಲ್ಲೇ ಇರುತ್ತವೆ. ಮೇಲೆ ಬಟಾಬಯಲು ತಾರಸಿ.

ಆ ಹುಡುಗನಿಗೆ ಮರುದಿನ ಸಕ್ಕರೆಯ ಕಥೆ ಹೇಳಿದೆ. ಕಲ್ಲಿದ್ದಲಿನ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಬೋರ್ಡಿನ ಮೇಲೆ ಬರೆದೆ. ಆತ ಯೋಚಿಸಿ, ‘ಹಂಗಾದ್ರೆ ಶಾಲೆ ಮೇಲೇ ಹಾಕ್ಸಿಬಿಡ್ರಿ ಸಾರ್’ ಎಂದ, ಅದು ನನ್ನ ಕೈಯಲ್ಲೇ ಇದೆ ಎಂಬಂತೆ. ಮುಂದಿನ ಶನಿವಾರ ತರಗತಿಯನ್ನೇ ತಾರಸಿಗೆ ಹತ್ತಿಸಿದೆ. ಟೇಪು ಹಿಡಿದು ಅಳೆದೆವು. ಪ್ಯಾರಾಪೆಟ್ಟಿನ ನೆರಳು, ನೀರಿನ ಟ್ಯಾಂಕಿನ ನೆರಳು ಕಳೆದು 1,800 ಚದರಡಿ ಉಳಿಯಿತು. ಫಲಕಗಳ ನಡುವೆ ಓಡಾಡುವ ದಾರಿ ಬಿಟ್ಟರೂ ಇಪ್ಪತ್ತು ಕಿಲೋವ್ಯಾಟು ಆರಾಮವಾಗಿ ಹಿಡಿಯುತ್ತದೆ ಎಂದು ಅವರೇ ಭಾಗಿಸಿ ಹೇಳಿದರು. ದಿನಕ್ಕೆ 80 ಯೂನಿಟ್. ಲೆಕ್ಕವನ್ನು ಅಂದವಾಗಿ ಬರೆಸಿ, ಮನವಿಯ ಜತೆ ಲಗತ್ತಿಸಿ ಕೊಟ್ಟಿದ್ದೇವೆ. ಅದೀಗ ಮೇಜಿಂದ ಮೇಜಿಗೆ ಹೋಗುತ್ತಿದೆ.

ಮೂರು ಗಂಟೆಯ ನಂತರ ಪಡುವಣ ಮೂಲೆಯ ಮೇಲೆ ಬೇವಿನ ಮರದ ನೆರಳು ಬೀಳುತ್ತದೆಂದು ಒಬ್ಬಳು ಹುಡುಗಿ ಕಂಡುಹಿಡಿದಳು. ಅದರ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಗುರುತು ಮಾಡಿದೆವು. ‘ಮರ ಕಡಿಸಿದ್ರೆ ಇನ್ನೂ ನಾಕು ಪ್ಯಾನೆಲ್ ಹಿಡೀತಾವೆ ಸಾರ್’ ಎಂದ ಕೊನೆಯ ಬೆಂಚಿನವನು. ಬೇಡಪ್ಪಾ ಎಂದೆ. ಕಾರು ನಿಲ್ಲಿಸುವುದು ಅದರ ನೆರಳಿನಲ್ಲೇ.